ಉಳಿಸಿದ್ದೇ ಉಳಿಸಿದ್ದು

ಬೆಂಗಳೂರಿನ ಮಧ್ಯಮ ವರ್ಗದವರನ್ನು ತಿಂಗಳ ದಿನಸಿಗೆ ಎಷ್ಟು ಖರ್ಚಾಯ್ತು ಅಂತ ಕೇಳಬೇಡಿ. ನೆನಪಿರುವುದಿಲ್ಲ. ಎಷ್ಟು ಉಳಿಸಿದಿರಿ ಅಂತ ಕೇಳಿ, ಪೈಸೆ ಸಮೇತ ಹೇಳುತ್ತಾರೆ. ರಿಯಾಯಿತಿ ಅಂಗಡಿಯ ಬಿಲ್ಲಿನ ಕೊನೆಗೆ 'ಇಂದು ನೀವು ಉಳಿಸಿದ್ದು 1,146 ರೂಪಾಯಿ' ಅಂತ ಅಚ್ಚಾಗಿರುತ್ತದಲ್ಲ, ಅದೇ ಈಗಿನ ಪಾಸ್‌ಬುಕ್. ಆರು ಸಾವಿರ ಕೊಟ್ಟು ಹೊರಗೆ ಬಂದವರ ಮುಖದಲ್ಲಿ ಸಾವಿರ ಸಂಪಾದಿಸಿದ ಕಳೆ. ಈ ಬಿಲ್ಲುಗಳನ್ನು ಬ್ಯಾಂಕಿನವರು ಠೇವಣಿ ಅಂತ ಇಟ್ಟುಕೊಳ್ಳುವುದಿಲ್ಲ, ಅದೊಂದೇ ಬೇಜಾರು. ಇಟ್ಟುಕೊಂಡಿದ್ದರೆ ಜೆ.ಪಿ. ನಗರದ ಅರ್ಧ ಜನ ಇಷ್ಟೊತ್ತಿಗೆ ಮನೆ ಸಾಲ ತೀರಿಸಿರುತ್ತಿದ್ದರು.

ಈ ಉಳಿತಾಯವೆಲ್ಲ ಹುಟ್ಟುವುದು ಎಂಆರ್‌ಪಿ ಹೊಟ್ಟೆಯಲ್ಲಿ. ಪೊಟ್ಟಣದ ಮೇಲೆ ಗರಿಷ್ಠ ಬೆಲೆ ಹಾಕಲೇಬೇಕು, ಅದರ ಮೇಲೆ ಒಂದು ರೂಪಾಯಿಯೂ ಜಾಸ್ತಿ ತಗೊಳ್ಳುವ ಹಾಗಿಲ್ಲ ಅಂತ ಕಾನೂನಿದೆ. ಗಿರಾಕಿಯನ್ನು ಯಾರೂ ಸುಲಿಯಬಾರದು ಅಂತ ಮಾಡಿದ್ದು. ಸರಿ, ಆ ಗರಿಷ್ಠ ಎಷ್ಟು ಅಂತ ಬರೆಯುವವರು ಯಾರು? ದಿನಸಿಯ ಮಟ್ಟಿಗೆ, ಹೆಚ್ಚುಕಮ್ಮಿ ಪೊಟ್ಟಣ ಕಟ್ಟಿದವರೇ. ಹಾಗಾಗಿ ತೊಗರಿಬೇಳೆಯನ್ನು ತಮ್ಮದೇ ಹೆಸರಿನ ಚೀಲದಲ್ಲಿ ತುಂಬುವ ಅಂಗಡಿ ತಾನೇ 220 ಅಂತ ಅಚ್ಚು ಹಾಕುತ್ತದೆ. ಆಮೇಲೆ ಅದೇ ಅಂಗಡಿ ಕರುಣೆ ತಾಳಿ, ಅದರ ಮೇಲೆ ಗೀಟು ಹೊಡೆದು 164 ಅನ್ನುತ್ತದೆ. 220ಕ್ಕೆ ಆ ಬೇಳೆ ಕೊಂಡವರು ಈ ಭೂಮಿಯ ಮೇಲೆ ಒಬ್ಬರೂ ಇಲ್ಲ. ಆದರೂ 56 ರೂಪಾಯಿ ಉಳಿಯಿತು, ಅಲ್ವಾ?

ಈ 56 ರೂಪಾಯಿಗಾಗಿ ಭಾನುವಾರ ಬೆಳಿಗ್ಗೆ ಸಂಸಾರ ಸಮೇತ ಹೊರಡಬೇಕು. ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಬೇಕು. ನೆಲಮಾಳಿಗೆಯಲ್ಲಿ ಗಾಡಿ ನಿಲ್ಲಿಸಲು ಸೀಟಿ ಊದುವವನ ಜೊತೆ ಜಗಳ ಆಡಬೇಕು. ಒಳಗೆ ಹೋಗುವ ಮುಂಚೆ ಕೈಚೀಲದ ಬಾಯಿಗೆ ಪ್ಲಾಸ್ಟಿಕ್ ಟ್ಯಾಗ್ ಬಿಗಿಯುತ್ತಾರೆ. ಕನ್ನಡಕ ಅದರೊಳಗೇ ಉಳಿದಿರುತ್ತದೆ. ಬರುವಾಗ ಕಾವಲಿನವನು ಬಿಲ್ಲನ್ನೊಮ್ಮೆ, ಗಾಡಿಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿ ಬಿಲ್ಲಿಗೆ ತೂತು ಹಾಕುತ್ತಾನೆ. ಇಷ್ಟು ಅನುಮಾನ ಮೂಲೆಯ ಶೆಟ್ಟರು ಪಟ್ಟಿದ್ದರೆ ಬೀದಿಯವರೆಲ್ಲ ಸೇರಿ ಅಂಗಡಿ ಮುಚ್ಚಿಸುತ್ತಿದ್ದರು. ಇಲ್ಲಿ ಮಾತ್ರ ತಲೆ ತಗ್ಗಿಸಿ ನಿಲ್ಲುತ್ತೇವೆ. ಹೋಗಿದ್ದು ಉದ್ದಿನಬೇಳೆಗೆ. ಗಾಡಿಯಲ್ಲಿ ಎರಡು ಬಕೆಟ್, ಒಂದು ಪ್ಲಾಸ್ಟಿಕ್ ಸ್ಟೂಲು, ಒಂದಕ್ಕೊಂದು ಉಚಿತ ಬಂದ ಫಿನಾಯಿಲ್. ಉದ್ದಿನಬೇಳೆ ಮರೆತಿರುತ್ತದೆ. ಅದನ್ನು ವಾಪಸು ಬಂದು ಶೆಟ್ಟರ ಹತ್ತಿರವೇ ತಗೊಳ್ಳುವುದು, 'ಏನ್ರೀ ಶೆಟ್ರೇ, ಅಲ್ಲಿಗಿಂತ ಆರು ರೂಪಾಯಿ ಜಾಸ್ತಿ!' ಅಂತ ಬೈದುಕೊಂಡು.

ರಿಯಾಯಿತಿ ಅಂಗಡಿಯವರು ಅಗ್ಗಕ್ಕೆ ಹೇಗೆ ಕೊಡುತ್ತಾರೆ ಅನ್ನುವುದರಲ್ಲಿ ಮಾಟಮಂತ್ರವೇನಿಲ್ಲ. ಡಿಮಾರ್ಟ್‌ನವರು 2002ರಲ್ಲಿ ಮುಂಬೈನ ಪೊವಾಯಿಯಲ್ಲಿ ಶುರು ಮಾಡಿದಾಗಿನಿಂದ ಹೆಚ್ಚಿನ ಕಡೆ ಜಾಗವನ್ನೇ ಕೊಂಡುಕೊಂಡು ಅಂಗಡಿ ಹಾಕಿದ್ದಾರೆ, ಬಾಡಿಗೆಯ ಗೋಳಿಲ್ಲ. ಸರಕು ಕೊಟ್ಟವರಿಗೆ ಬೇಗ ದುಡ್ಡು ಕೊಟ್ಟು ರೇಟು ಇಳಿಸಿಕೊಳ್ಳುತ್ತಾರೆ. ಶೆಟ್ಟರಿಗೆ ಹತ್ತು ತಿಂಗಳ ಅಡ್ವಾನ್ಸು, ವರ್ಷಾ ವರ್ಷಾ ಏರುವ ಬಾಡಿಗೆ, ಜೊತೆಗೆ ನಮ್ಮೆಲ್ಲರ ಹೆಸರಿರುವ ಸಾಲದ ಪುಸ್ತಕ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ಶೆಟ್ಟರಿಗೆ ವ್ಯಾಪಾರವೇ ಇಲ್ಲ ಪಾಪ ಅಂತ ಊರೆಲ್ಲ ಮರುಗುತ್ತಿದ್ದಾಗ, ಇದೆ ಅಂತ ಗಟ್ಟಿಯಾಗಿ ನಂಬಿದ್ದು ವಾಣಿಜ್ಯ ತೆರಿಗೆ ಇಲಾಖೆ ಒಂದೇ. 2025ರ ಜುಲೈನಲ್ಲಿ ಸಣ್ಣ ವ್ಯಾಪಾರಿಗಳ ಯುಪಿಐ ಲೆಕ್ಕ ಜಾಲಾಡಿ ನೋಟಿಸು ಕಳಿಸಿತು. ಕ್ಯೂಆರ್ ಚೀಟಿಗಳೆಲ್ಲ ಮಾಯವಾಗಿ 'ಕ್ಯಾಶ್ ಮಾತ್ರ' ಅನ್ನುವ ರಟ್ಟು ನೇತಾಡಿತು.

ದೊಡ್ಡವರು ಸಣ್ಣವರನ್ನು ನುಂಗುತ್ತಾರೆ ಅಂತ ಅಳುವವರು ಇನ್ನೊಂದನ್ನೂ ನೋಡಬೇಕು. 2003ರಲ್ಲಿ ಜರ್ಮನಿಯ ಮೆಟ್ರೋ (ರೈಲಲ್ಲ, ಸಗಟು ಅಂಗಡಿ) ಯಶವಂತಪುರಕ್ಕೆ ಬಂದಾಗ ವ್ಯಾಪಾರಿಗಳು ಬೀದಿಗಿಳಿದಿದ್ದರು. ಇಪ್ಪತ್ತು ವರ್ಷ ಕಳೆದ ಮೇಲೆ ಆ ಜರ್ಮನ್ನರೇ ಭಾರತದ ವ್ಯಾಪಾರವನ್ನು 2,850 ಕೋಟಿಗೆ ರಿಲಯನ್ಸ್‌ಗೆ ಮಾರಿ ಊರಿಗೆ ಹೋದರು. ಗಣರಾಜ್ಯೋತ್ಸವಕ್ಕೆ ಬಾವುಟಕ್ಕಿಂತ ಮುಂಚೆ ರಿಯಾಯಿತಿ ಹಾರಿಸುತ್ತಿದ್ದ ಬಿಗ್ ಬಜಾರ್ 2022ರಲ್ಲಿ ಬಾಗಿಲು ಹಾಕಿತು. ಆನೆಗೆ ಆನೆ ಭಾರ. ಶೆಟ್ಟರು ಇವರಿಬ್ಬರನ್ನೂ ಮೀರಿ ಬಾಳಿದರು. ಅವರನ್ನು ಎತ್ತಂಗಡಿ ಮಾಡಿಸಿದ್ದು, ಹತ್ತು ನಿಮಿಷದಲ್ಲಿ ದಿನಸಿ ಮನೆಗೆ ಮುಟ್ಟಿಸುತ್ತೇವೆ ಅಂತ ಬಂದ ಆ್ಯಪು.

ಅಂಗಡಿ ಮುಚ್ಚಿದ ದಿನ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಏನು ದುಃಖ ಅಂತೀರಿ! ಕೈಮುಗಿದ ಚಿತ್ರ ಐವತ್ತು. 'ಸ್ಥಳೀಯ ವ್ಯಾಪಾರಿಗಳನ್ನು ಉಳಿಸೋಣ' ಅಂತ ಉದ್ದುದ್ದ ಸಂದೇಶ ಕಳಿಸಿದವರ ಮನೆಗೆ ಅದೇ ಹೊತ್ತಿಗೆ ಹುಡುಗನೊಬ್ಬ ಬಾಳೆಹಣ್ಣು ತಂದು ಬೆಲ್ ಮಾಡಿದ. ಎರಡು ತಿಂಗಳಲ್ಲಿ ಆ ಮಳಿಗೆಗೇ ಆ್ಯಪಿನ ಗೋದಾಮು ಬಂತು. ಷಟರ್ ಅರ್ಧ ಇಳಿದಿರುತ್ತದೆ, ಗಿರಾಕಿಗೆ ಒಳಗೆ ಪ್ರವೇಶವಿಲ್ಲ. ಎದುರು ಮನೆಯವರು ಕೂಡ ಫೋನಿನಲ್ಲೇ ಒತ್ತಬೇಕು. ಈಗ ಗುಂಪಿನಲ್ಲಿ ಹೊಸ ದೂರು: ಫುಟ್‌ಪಾತ್ ತುಂಬಾ ಡೆಲಿವರಿ ಬೈಕುಗಳು.

ಸೊಪ್ಪು ತಗೊಂಡರೆ ಶೆಟ್ಟರು ನಾಲ್ಕು ಎಳೆ ಕರಿಬೇವು ಸುಮ್ನೆ ಹಾಕಿಕೊಡುತ್ತಿದ್ದರು. ಅದು ಈಗ ಆ್ಯಪಿನಲ್ಲಿದೆ, ನೀಟಾಗಿ ಪ್ಲಾಸ್ಟಿಕ್ ಚೀಲದಲ್ಲಿ. 18ಕ್ಕೆ ಗೀಟು ಹೊಡೆದು 11. ಕೆಳಗೆ ಹಸಿರು ಅಕ್ಷರದಲ್ಲಿ: ನೀವು 7 ರೂಪಾಯಿ ಉಳಿಸಿದ್ದೀರಿ.