ಥಾರ್‌ನ ಸುತ್ತಿಗೆಗೂ ಒಬ್ಬ ಕುಲಪತಿ ಬೇಕು

ಜಲಂಧರದ ಆ ಭಾಷಣ ವಾಟ್ಸಾಪ್‌ನಲ್ಲಿ ಮತ್ತೆ ಸುತ್ತುತ್ತಿದೆ. 2019ರ ವಿಜ್ಞಾನ ಕಾಂಗ್ರೆಸ್ಸಿನದು, ಅಂದರೆ ದೇಶದ ವಿಜ್ಞಾನಿಗಳ ಸಮ್ಮೇಳನದ್ದು. ಸುದರ್ಶನ ಚಕ್ರ ಅಂದರೆ ಗೈಡೆಡ್ ಮಿಸೈಲ್ ಅಂತೆ. ರಾವಣನ ಹತ್ತಿರ 24 ಬಗೆಯ ವಿಮಾನ. ಲಂಕೆಯಲ್ಲಿ ಏರ್‌ಪೋರ್ಟು. ಹೇಳಿದವರು ಆಂಧ್ರ ವಿಶ್ವವಿದ್ಯಾಲಯದ ಆಗಿನ ಕುಲಪತಿ. ಕುಲಪತಿಗಳೇ ಹೇಳಿದ ಮೇಲೆ ನಮ್ಮದೇನಿದೆ, ಕೈ ಮುಗಿಯುವುದು ಅಷ್ಟೇ.

ಚಕ್ರ ಗುರಿ ಮುಟ್ಟಿ ವಾಪಸ್ ಬರುತ್ತಿತ್ತಂತೆ, ಅದೇ ಸಾಕ್ಷಿ. ಹಾಗಾದರೆ ಉತ್ತರ ಯುರೋಪಿನ ಪುರಾಣದ ಗುಡುಗಿನ ದೇವರು ಥಾರ್‌ನ ಸುತ್ತಿಗೆಗೂ ಪೇಟೆಂಟ್ ಕೊಡಬೇಕಲ್ವಾ? ಅದೂ ಎಷ್ಟು ದೂರ ಎಸೆದರೂ ಕೈಗೇ ವಾಪಸ್ ಬರುತ್ತದೆ. ಬೇಕೆಂದಾಗ ಅಂಗಿಯೊಳಗೆ ಇಟ್ಟುಕೊಳ್ಳುವಷ್ಟು ಚಿಕ್ಕದಾಗುತ್ತದೆ. ಹಿಡಿ ಮಾತ್ರ ಗಿಡ್ಡ. ಯಾಕೆ ಗೊತ್ತಾ? ಕುಳ್ಳರು ಕುಲುಮೆಯಲ್ಲಿ ಅದನ್ನು ಮಾಡುತ್ತಿದ್ದಾಗ ಅದೇ ಪುರಾಣದ ಕಿಡಿಗೇಡಿ ದೇವರು ಲೋಕಿ ನೊಣವಾಗಿ ಬಂದ. ತಿದಿ ಒತ್ತುತ್ತಿದ್ದವನ ರೆಪ್ಪೆ ಕಚ್ಚಿದ. ಕಣ್ಣಿಗೆ ರಕ್ತ ಇಳಿಯಿತು, ಆತ ಒರೆಸಿಕೊಳ್ಳಲು ಒಂದು ಕ್ಷಣ ಕೈ ತೆಗೆದ. ಮುಗೀತು, ದೇವರ ಆಯುಧದಲ್ಲೇ ಐಬು! 13ನೇ ಶತಮಾನದಲ್ಲಿ ಐಸ್‌ಲ್ಯಾಂಡಿನ ಕವಿ ಸ್ನೋರಿ ಇದನ್ನೆಲ್ಲ ಬರೆದಿಟ್ಟ. ಅಲ್ಲಿನ ಕುಲಪತಿಗಳು ಇದನ್ನು ತೋರಿಸಿ 'ಡ್ರೋನ್ ಮೊದಲು ನಮ್ಮದೇ' ಎಂದದ್ದು ನಾನಂತೂ ಕೇಳಿಲ್ಲ. ಪಾಪ, ದೇಶಾಭಿಮಾನ ಸಾಲದು.

ನಮ್ಮ ಕಥೆಗಾರರೇನು ಕಮ್ಮಿ? ಇಂದ್ರ ಕೊಟ್ಟ ಶಕ್ತ್ಯಾಯುಧವನ್ನು ಕರ್ಣ ಒಂದೇ ಸಲ ಬಳಸಬಹುದಿತ್ತು. ಅರ್ಜುನನಿಗೆ ಅಂತ ಇಟ್ಟುಕೊಂಡದ್ದು ಘಟೋತ್ಕಚನ ಮೇಲೆ ಖರ್ಚಾಯಿತು. ಅಶ್ವತ್ಥಾಮನಿಗೆ ಬ್ರಹ್ಮಾಸ್ತ್ರ ಬಿಡಲು ಗೊತ್ತು, ಹಿಂದಕ್ಕೆ ಕರೆಯಲು ಗೊತ್ತಿಲ್ಲ. ಕಥೆಯ ಜೀವ ಇರುವುದೇ ಈ ಸಂಕಟದಲ್ಲಿ. ಅದನ್ನು ಬಿಟ್ಟು ಮಿಸೈಲ್ ಹುಡುಕುತ್ತಾ ಕೂತರೆ ಏನು ಹೇಳೋದು!

ವಿಮಾನದ ಲೆಕ್ಕವಂತೂ ಬೆಂಗಳೂರಲ್ಲೇ ಚುಕ್ತಾ ಆಗಿತ್ತು. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ, ಪುರಾತನ ವಿಮಾನಗಳ ಬಗ್ಗೆ ಎನ್ನಲಾದ 'ವೈಮಾನಿಕ ಶಾಸ್ತ್ರ' ಗ್ರಂಥವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಐವರು 1974ರಲ್ಲಿ ಪರೀಕ್ಷಿಸಿದರು. ಅದರಲ್ಲಿರುವವು ಹಾರುವ ವಿಮಾನಗಳಲ್ಲ, ಗ್ರಂಥ 1904ಕ್ಕಿಂತ ಹಳೆಯದೂ ಅಲ್ಲ ಎಂದರು. 2015ರ ಮುಂಬೈ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಅದೇ ಗ್ರಂಥ ಮತ್ತೆ ಟೇಕಾಫ್ ಆಯಿತು.

ನಕ್ಕು ಸುಮ್ನಾಗಬಹುದಿತ್ತು. ಆದರೆ ಜಲಂಧರದ ಭಾಷಣ ನಡೆದದ್ದು ಮಕ್ಕಳ ವಿಜ್ಞಾನ ಕಾಂಗ್ರೆಸ್ಸಿನಲ್ಲಿ. ಯಾಕೆ, ಹೇಗೆ ಅಂತ ಕೇಳುವ ವಯಸ್ಸಿನ ಮಕ್ಕಳನ್ನು ಕೂರಿಸಿಕೊಂಡು, ಎಲ್ಲ ನಮ್ಮ ಹಿರಿಯರೇ ಮಾಡಿಟ್ಟಿದ್ದಾರೆ ಎಂದು ಹೇಳಿ ಕಳಿಸುವುದೇ? ಅದೂ ಒಂದು ವಿಶ್ವವಿದ್ಯಾಲಯ ನಡೆಸುವವರು? ನಾಚಿಕೆ ಆಗಬೇಕಿತ್ತು. ಆಮೇಲೆ ಆಯೋಜಕರು ಕೈ ತೊಳೆದುಕೊಂಡರು. ಮುಂದೆ ಭಾಷಣಗಳನ್ನು ಮೊದಲೇ ನೋಡುತ್ತೇವೆ ಎಂದರು. ಮಕ್ಕಳು ಕೇಳಿದ್ದು ಕೇಳಿ ಆಗಿತ್ತು.