ಸಭೆಗೆ ಬನ್ನಿ ಅಂತೀರಿ, ಬರೋದು ಹೇಗೆ?

ಮೈಸೂರಿನ ಪುರಭವನದ ಮುಂದೆ ಯಾವ ಪ್ರತಿಭಟನಾ ಸಭೆ ನಡೆದರೂ ಕರಪತ್ರದ ಮುಕ್ಕಾಲು ಪಾಲು ಮುಖಂಡರ ಹೆಸರು, ಫೋಟೊ. ಉಳಿದ ಜಾಗದಲ್ಲಿ ದಿನಾಂಕ, ಸಮಯ, ಆಮೇಲೆ ಹೆಚ್ಚಿನ ಸಂಖ್ಯೆಯಲ್ಲಿ ಬನ್ನಿ ಅನ್ನುವ ಸಾಲು. ಆಟೊ ಎಲ್ಲಿವರೆಗೆ ಬಿಡುತ್ತಾರೆ, ಶೌಚಾಲಯ ಎಲ್ಲಿದೆ, ವೀಲ್‌ಚೇರಿನಲ್ಲಿ ಬರುವವರು ಯಾವ ಕಡೆಯಿಂದ ಬರಬೇಕು, ಇದು ಮಾತ್ರ ಇರುವುದಿಲ್ಲ.

ನಾನಿರುವುದು ಲಂಡನ್ನಿನಲ್ಲಿ. ಅಲ್ಲಿ ದೊಡ್ಡ ಸಭೆ, ಮೆರವಣಿಗೆ ಅಂದರೆ ಸಂಘಟಕರು ಇದನ್ನೆಲ್ಲ ಮೊದಲೇ ಬರೆದು ತಿಳಿಸುವುದು ರೂಢಿ. ಹಾಗಂತ ಲಂಡನ್ ಸ್ವರ್ಗ ಅಂದುಕೊಳ್ಳಬೇಡಿ. ಅಲ್ಲಿನ ನೆಲದಡಿ ರೈಲು ಶುರುವಾಗಿದ್ದು 1863ರಲ್ಲಿ. ಇವತ್ತಿಗೂ ಸುಮಾರು ಮೂರರಲ್ಲಿ ಒಂದು ನಿಲ್ದಾಣದಲ್ಲಿ ಮಾತ್ರ ಮೆಟ್ಟಿಲು ಹತ್ತದೆ ಹೊರಗೆ ಬರಬಹುದು. ದೊಡ್ಡ ಸಭೆಗಳು ನಡೆಯುವ ಟ್ರಾಫಲ್ಗರ್ ಚೌಕಕ್ಕೆ ಅಂಟಿಕೊಂಡೇ ಇರುವ ನೆಲದಡಿ ನಿಲ್ದಾಣ ಚೇರಿಂಗ್ ಕ್ರಾಸ್‌ನಲ್ಲಿ ಆ ಸೌಕರ್ಯ ಇಲ್ಲ. ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಲಿಫ್ಟ್ ಹಿಡಿದು ಮೇಲೆ ಬಂದು, ಅಲ್ಲಿಂದ ಗಾಲಿ ತಳ್ಳಿಕೊಂಡು ಹೋಗಬೇಕು. ಬಸ್ಸುಗಳಲ್ಲೇನೋ ರ‍್ಯಾಂಪ್ ಇದೆ, ಆದರೆ ಮೆರವಣಿಗೆ ದಿನ ಅವೂ ಬೇರೆ ದಾರಿ ಹಿಡಿದಿರುತ್ತವೆ. ತಾಪತ್ರಯ ಅಲ್ಲೂ ಇದೆ. ಏನು ತಾಪತ್ರಯ ಅಂತ ಮನೆ ಬಿಡುವ ಮುಂಚೆ ಗೊತ್ತಿರುತ್ತದೆ, ಅಷ್ಟೇ.

ಮೈಸೂರಿನಲ್ಲಿ ನಮ್ಮ ಚಿಕ್ಕಪ್ಪ ಇದ್ದಾರೆ. ನಿವೃತ್ತ ಮೇಷ್ಟ್ರು. ಚಿಕ್ಕಂದಿನಲ್ಲೇ ಪೋಲಿಯೊ ಆಗಿತ್ತು, ಈಗ ವೀಲ್‌ಚೇರ್. ನಾನು ಊರಿಗೆ ಬಂದಿದ್ದಾಗ ಪುರಭವನದ ಮುಂದೆ ಪಿಂಚಣಿ ವಿಚಾರದ ಸಭೆ ಇತ್ತು. ಹೋಗಲೇಬೇಕು ಅಂತ ಹಟ ಹಿಡಿದರು. ಸಿಟಿ ಬಸ್ಸಿನ ಮಾತೇ ಇಲ್ಲ, ಬಾಗಿಲಲ್ಲೇ ಮೆಟ್ಟಿಲು. ಹೇಗೋ ಹತ್ತಿಸಿದರೂ ನಗರ ಬಸ್ ನಿಲ್ದಾಣದಲ್ಲಿ ಇಳಿದ ಮೇಲೆ ಸುರಂಗದಾರಿ, ಅದಕ್ಕೂ ಮೆಟ್ಟಿಲು. ಕುವೆಂಪುನಗರದಿಂದ ಆಟೊ ಮಾಡಿದೆವು. ವೀಲ್‌ಚೇರ್ ಮಡಚಿ ಸೀಟಿನ ಹಿಂದೆ ತುರುಕಿದ್ದಾಯಿತು.

ಗಾಂಧಿ ಚೌಕದ ಹತ್ತಿರ ಆಟೊ ನಿಂತಿತು. 'ಮುಂದಕ್ಕೆ ಬಿಡಲ್ಲ ಸಾರ್, ಬ್ಯಾರಿಕೇಡ್ ಹಾಕವ್ರೆ, ಇಲ್ಲೇ ಇಳ್ಕಳಿ.' ಎರಡು ಬ್ಯಾರಿಕೇಡ್ ನಡುವೆ ಒಬ್ಬರು ಅಡ್ಡ ತಿರುಗಿ ನುಸುಳುವಷ್ಟು ಸಂದಿ. ಪೊಲೀಸಿನವರನ್ನು ಕೇಳಿದೆವು, ಪಾಪ, ತಕ್ಷಣ ಒಂದನ್ನು ಸರಿಸಿದರು. ಶಾಮಿಯಾನದ ಹತ್ತಿರ ನೆಲಕ್ಕೆ ಹಾಸಿದ್ದ ಜಮಖಾನದ ಅಂಚಿಗೆ ಕುರ್ಚಿಯ ಮುಂದಿನ ಪುಟ್ಟ ಗಾಲಿಗಳು ಸಿಕ್ಕಿಕೊಂಡವು. ತಳ್ಳಿದಷ್ಟೂ ಜಮಖಾನ ಮುದುಡುತ್ತದೆ, ಗಾಲಿ ಮಾತ್ರ ಉರುಳಲ್ಲ. ನಾಲ್ಕು ಜನ ಹುಡುಗರು ಓಡಿ ಬಂದರು. 'ಸಾರ್, ಕೂತಿರಿ, ಕುರ್ಚಿ ಸಮೇತ ಎತ್ಬುಡ್ತೀವಿ.'

'ಬೇಡ್ರಪ್ಪಾ, ನಾನೇನು ಉತ್ಸವಮೂರ್ತಿನಾ? ಜಮಖಾನ ಸುತ್ತಿ, ಸಾಕು' ಅಂದರು ಚಿಕ್ಕಪ್ಪ.

ಹುಡುಗರು ನಕ್ಕು ಜಮಖಾನ ಸುತ್ತಿದರು. ಹಿಂದೆಯೇ ಮಜ್ಜಿಗೆಯೂ ಬಂತು.

ಈ ಅಕ್ಕರೆ ಲಂಡನ್ನಿನಲ್ಲಿ ಸುಲಭಕ್ಕೆ ಸಿಗಲ್ಲ. ಅಲ್ಲಿ ಸ್ವಯಂಸೇವಕ ಮೊದಲು ವಾಕಿಟಾಕಿಯಲ್ಲಿ ಇನ್ಯಾರನ್ನೋ ಕೇಳುತ್ತಾನೆ. ಆದರೆ ನಮ್ಮ ಅಕ್ಕರೆಯೆಲ್ಲ ಶಾಮಿಯಾನದ ತನಕ ಬಂದು ಮುಟ್ಟಿದವರಿಗೆ. ಬರೋಕಾಗದೆ ಮನೆಯಲ್ಲೇ ಉಳಿದವರಿಗೆ ಏನೂ ಇಲ್ಲ. ಅವರು ಬಂದಿಲ್ಲ ಅಂತ ಯಾರಿಗೂ ಗೊತ್ತೂ ಆಗುವುದಿಲ್ಲ.

ಇನ್ನೊಂದು ವಿಷಯ ಇದೆ. ಲಂಡನ್ ಬಸ್ಸಿನ ರ‍್ಯಾಂಪ್ ಯಾರೋ ದೊಡ್ಡ ಮನಸ್ಸು ಮಾಡಿ ಕೊಟ್ಟಿದ್ದಲ್ಲ. 1990ರ ದಶಕದಲ್ಲಿ ಅಲ್ಲಿನ ವಿಕಲಚೇತನರು ಬಸ್ಸುಗಳಿಗೆ ತಮ್ಮನ್ನು ತಾವೇ ಬೇಡಿ ಹಾಕಿಕೊಂಡು ರಸ್ತೆ ತಡೆದಿದ್ದರು. ತಾರತಮ್ಯದ ವಿರುದ್ಧ ಅಲ್ಲಿ ಕಾಯ್ದೆ ಬಂದಿದ್ದು 1995ರಲ್ಲಿ. ನಮ್ಮ ದೆಹಲಿಯಲ್ಲೂ ವಿಕಲಚೇತನರು ಬೀದಿಗಿಳಿದರು, ನಮ್ಮ ಮೊದಲ ಕಾಯ್ದೆಯೂ ಅದೇ 1995ರದ್ದು. ಹೊರಟಿದ್ದು ಒಟ್ಟಿಗೇ. ಅವರು ಬಸ್ಸುಗಳಿಗೆ ಗಡುವು ಹಾಕಿ ಕೆಲಸ ಮುಗಿಸಿದರು. ಹತ್ತೋಕೆ ಕಷ್ಟವಿದ್ದ ಹಳೆ ರೂಟ್‌ಮಾಸ್ಟರ್ ಬಸ್ಸುಗಳು 2005ರ ಕೊನೆಗೆ ಮಾಮೂಲಿ ಮಾರ್ಗಗಳಿಂದ ಹೋದವು. ನಮ್ಮಲ್ಲಿ 2016ರ ಹೊಸ ಕಾಯ್ದೆ ಸಾರ್ವಜನಿಕ ಕಟ್ಟಡಗಳಿಗೆ, ನಿಯಮ ಹೊರಬಿದ್ದ ಮೇಲೆ, ಐದು ವರ್ಷ ಕೊಟ್ಟಿತ್ತು. ನಿಯಮ ಬಂದಿದ್ದು 2017ರಲ್ಲಿ. ಲೆಕ್ಕ ನೀವೇ ಹಾಕಿ.

ಪುರಭವನ ಹಳೇ ಕಟ್ಟಡ, ಮುಟ್ಟೋ ಹಾಗಿಲ್ಲ ಅನ್ನುವ ಮಾತು ಬರುತ್ತದೆ. ಟ್ರಾಫಲ್ಗರ್ ಚೌಕವೂ ಹೊಸದೇನಲ್ಲ. 2003ರಲ್ಲಿ ಅದನ್ನು ನವೀಕರಿಸುವಾಗ ಲಿಫ್ಟ್, ಶೌಚಾಲಯ ಎರಡನ್ನೂ ಸೇರಿಸಿದರು. ನಮ್ಮ ಪುರಭವನ ದಿವಾನ್ ರಂಗಾಚಾರ್ಲು ಅವರ ನೆನಪಿಗೆ 1884ರಲ್ಲಿ ಕಟ್ಟಿದ್ದು. ಜನರ ಮಾತು ಕೇಳಬೇಕು ಅಂತ 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಗಿದ್ದು ಅವರ ಕಾಲದಲ್ಲೇ. ಅಂಥವರ ಹೆಸರಿನ ಕಟ್ಟಡದ ಮುಂದೆ ಕಿವಿ ಕೇಳಿಸದವರಿಗೆ ಭಾಷಣ ಮುಟ್ಟಿಸಲು ವೇದಿಕೆ ಮೇಲೆ ಒಬ್ಬ ಸಂಜ್ಞಾಭಾಷೆ ಬಲ್ಲವರು ನಿಂತಿದ್ದನ್ನು ನಾನು ನೋಡಿಲ್ಲ. ದೇಶಕ್ಕೇ ಹೆಸರಾದ ವಾಕ್ ಶ್ರವಣ ಸಂಸ್ಥೆ ಇದೇ ಊರಿನ ಮಾನಸಗಂಗೋತ್ರಿಯಲ್ಲಿದೆ, ಅಲ್ವಾ?

ಬಸ್ಸು, ಸುರಂಗದಾರಿ ಸರಿಪಡಿಸುವುದು ಸರ್ಕಾರದ ಕೆಲಸ, ಅದಕ್ಕೆ ಬೇರೆಯೇ ಹೋರಾಟ ಬೇಕು. ಸಭೆ ಕರೆಯುವವರು ನಾಳೆಯೇ ಮಾಡಬಹುದಾದದ್ದೂ ಇದೆ. ಕರಪತ್ರದಲ್ಲಿ ಎರಡು ಸಾಲು ಜಾಸ್ತಿ ಹಾಕಿ: ಆಟೊ ಎಲ್ಲಿ ನಿಲ್ಲುತ್ತದೆ, ಅಲ್ಲಿಂದ ಎಷ್ಟು ದೂರ, ದಾರಿಯಲ್ಲಿ ಮೆಟ್ಟಿಲು ಇದೆಯಾ, ಶೌಚಾಲಯಕ್ಕೆ ಎಲ್ಲಿ ಹೋಗಬೇಕು, ಸಹಾಯ ಬೇಕಾದರೆ ಯಾರಿಗೆ ಫೋನ್ ಮಾಡಬೇಕು. ಇದಕ್ಕಾಗಿ ಒಂದು ಫೋಟೊ ಕಮ್ಮಿ ಮಾಡಿದರೆ ಯಾವ ಮುಖಂಡರೂ ಮುನಿಸಿಕೊಳ್ಳಲಿಕ್ಕಿಲ್ಲ (ಮುನಿಸಿಕೊಂಡರೆ ಅಂಥವರು ವೇದಿಕೆ ಮೇಲೆ ಯಾಕೆ?). ಅನುಮತಿ ಕೇಳಲು ಹೋದಾಗಲೇ ಬ್ಯಾರಿಕೇಡಿನಲ್ಲಿ ಮೂರಡಿ ಜಾಗ ಬಿಡಿ ಅಂತ ಪೊಲೀಸರಿಗೆ ಹೇಳಿ. ಶಾಮಿಯಾನದವರಿಗೆ ಆರ್ಡರ್ ಕೊಡುವಾಗ ನಡುವೆ ನಾಲ್ಕಡಿ ದಾರಿ ಬಿಟ್ಟು ಕುರ್ಚಿ ಹಾಕಲು ಹೇಳಿ, ಆ ದಾರಿಗೆ ಜಮಖಾನ ಬೇಡ. ಕೆಲವು ಕುರ್ಚಿ ಕಮ್ಮಿಯಾಗಬಹುದು. ಆಗಲಿ, ಭಾಷಣ ಉದ್ದವಾದರೆ ಹೇಗೂ ಹಿಂದಿನ ಸಾಲುಗಳು ಖಾಲಿಯೇ.