ಧೈರ್ಯ ಬರುವುದು ತಾಲೀಮಿನಲ್ಲಿ
‘ವೇದಿಕೆ ಹತ್ತಿದ ದಿನವೇ ಆಕೆಗೆ ಧೈರ್ಯ ಬಂತು’ ಎಂದು ದುಡಿಯುವ ಹೆಂಗಸರ ನಾಟಕದ ಬಗೆಗಿನ ಲೇಖನವೊಂದರಲ್ಲಿ ಬಂದ ಮಾತು ಒಪ್ಪುವಂಥದ್ದಲ್ಲ. ದಿನವಿಡೀ ದುಡಿದು ಸಂಜೆ ನಾಟಕದ ತರಗತಿಗೆ ಬರುವ ಹೆಂಗಸಿಗೆ ಅದು ಬರುವುದು ತಾಲೀಮಿನಲ್ಲಿ, ಅದೂ ನಿಧಾನಕ್ಕೆ. ಮೊದಲ ದಿನವೇ ಸ್ಕ್ರಿಪ್ಟ್ ಕೈಗಿಟ್ಟರೆ ಕೆಟ್ಟಿತು: ಕಣ್ಣು ಹಾಳೆ ಬಿಟ್ಟು ಏಳುವುದಿಲ್ಲ, ದನಿ ಗಂಟಲಲ್ಲೇ ಉಳಿಯುತ್ತದೆ. ಇಬ್ಬಿಬ್ಬರು ಎದುರುಬದುರು ನಿಂತು, ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಾ ಒಂದೇ ಸಾಲನ್ನು ಹೇಳಲಿ, ಕಿರುಚದೆ. ಆಮೇಲೆ ಮೇಲ್ವಿಚಾರಕನ ಹತ್ತಿರ ಕೂಲಿ ಕೇಳುವ ದೃಶ್ಯ ಕಟ್ಟಿಸಿ, ಪಾತ್ರ ಅದಲುಬದಲು ಮಾಡಿಸಿ. ಅವನ ಜಾಗದಲ್ಲಿ ನಿಂತಾಗಲೇ ಅವನ ಮಾತು ಎಲ್ಲಿ ಸಡಿಲ ಅಂತ ಗೊತ್ತಾಗೋದು. ಬ್ರೆಜಿಲ್‌ನ ರಂಗನಿರ್ದೇಶಕ ಅಗಸ್ಟೋ ಬೋಆಲ್ ಅವರ ‘ಫೋರಂ ಥಿಯೇಟರ್’ ಎಂಬ ನಾಟಕದ ಬಗೆಯಲ್ಲಂತೂ ನೋಡುತ್ತಿದ್ದವಳೇ ದೃಶ್ಯ ತಡೆದು, ಕೂಲಿ ಕೇಳುವವಳ ಪಾತ್ರಕ್ಕೆ ಇಳಿಯಬಹುದು. ಇನ್ನು ಶಿಫ್ಟ್ ಬದಲಾಗಿ ತಾಲೀಮು ತಪ್ಪಿದವಳ ಪಾತ್ರ ಕಿತ್ತುಕೊಳ್ಳುವುದು ಬೇಡ. ಪ್ರತಿ ಪಾತ್ರಕ್ಕೂ ಮೊದಲಿಂದಲೇ ಇಬ್ಬರನ್ನು ತಯಾರು ಮಾಡಿ.